ಮಹ್ರಮ್: ಕಾವಲುಗಾರನೋ, ಜೊತೆಗಾರನೋ?

ಬಾದನಹಟ್ಟಿಯಂಥ ಊರಿನ ಹೆಣ್ಣುಮಗಳು ಕಾಲೇಜಿಗೆಂದು ಬಳ್ಳಾರಿಗೆ ಹೊರಟರೆ ಹಿರಿಯರು ಕೇಳುವ ಮೊದಲ ಪ್ರಶ್ನೆ, ‘ಜೊತೆಗೆ ಯಾರಿದ್ದಾರೆ?’ ಎಂದು. 2023ರ ಜೂನ್‌ನಲ್ಲಿ ಸರಕಾರಿ ಬಸ್ಸಿನ ಪ್ರಯಾಣ ಮಹಿಳೆಯರಿಗೆ ಉಚಿತವಾಯಿತು. ಹಣದ ಅಡ್ಡಿ ಕಡಿಮೆಯಾದರೂ ಜೊತೆಯ ಅಡ್ಡಿ ಉಳಿದಿದೆ. ಪ್ರಶ್ನೆ ತಪ್ಪಲ್ಲ. ಆದರೆ ‘ಯಾರೂ ಇಲ್ಲ’ ಎಂಬ ಉತ್ತರ ಬಂದರೆ ಮಗಳ ಓದು ನಿಲ್ಲಬೇಕೋ, ಅಣ್ಣ ಎದ್ದು ಹೊರಡಬೇಕೋ?

ಇಂಗ್ಲಿಷಿನಲ್ಲಿ ‘ಶಾಪರೋನ್’ ಎಂಬ ಪದವಿದೆ. ಫ್ರೆಂಚ್ ಭಾಷೆಯಲ್ಲಿ ಅದರ ಮೂಲ ಅರ್ಥ ತಲೆಯನ್ನು ಮುಚ್ಚುವ ಕುಲಾವಿ. ಕುಲಾವಿ ತಲೆಯನ್ನು ಕಾಯುವಂತೆ ಯುವತಿಯನ್ನು ಕಾಯಲು ಜೊತೆಗೆ ಕಳುಹಿಸುವ ಹಿರಿಯ ಹೆಂಗಸಿಗೆ ಆ ಹೆಸರು ಬಂತು. ಇಸ್ಲಾಮಿನ ‘ಮಹ್ರಮ್’ ಇದಕ್ಕಿಂತ ಭಿನ್ನ. ತಂದೆ, ಮಗ, ಸಹೋದರ, ಚಿಕ್ಕಪ್ಪ, ಸೋದರಮಾವ ಮುಂತಾಗಿ ಆಕೆ ಎಂದೆಂದಿಗೂ ವಿವಾಹವಾಗಬಾರದ ಬಂಧುಗಳೇ ಮಹ್ರಮ್‌ಗಳು. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 23ನೇ ಸೂಕ್ತ ಈ ಸಂಬಂಧಗಳನ್ನು ವಿವರಿಸುತ್ತದೆ. ಇದು ಯಾರೋ ವಹಿಸಿಕೊಳ್ಳುವ ಕೆಲಸವಲ್ಲ, ಬಂಧುತ್ವದ ಹೊಣೆ.

ಮಹಿಳೆಯು ಮಹ್ರಮ್ ಇಲ್ಲದೆ ಪ್ರಯಾಣಿಸಬಾರದೆಂದು ಪ್ರವಾದಿವರ್ಯರು(ಸ) ಬೋಧಿಸಿದಾಗ ಒಬ್ಬರು ಎದ್ದು ನಿಂತು, ತನ್ನ ಹೆಸರು ಯುದ್ಧಕ್ಕೆ ನೋಂದಣಿಯಾಗಿದೆ, ಪತ್ನಿ ಹಜ್ಜ್‌ಗೆ ಹೊರಟಿದ್ದಾಳೆ ಎಂದರು. ಪತ್ನಿಯನ್ನು ತಡೆಯಲು ಪ್ರವಾದಿ(ಸ) ಹೇಳಲಿಲ್ಲ. ಯುದ್ಧವನ್ನು ಬಿಟ್ಟು ಪತ್ನಿಯೊಂದಿಗೆ ಹಜ್ಜ್‌ಗೆ ಹೋಗುವಂತೆ ಆ ಪುರುಷನಿಗೆ ಆಜ್ಞಾಪಿಸಿದರು. ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿರುವ ಈ ಹದೀಸ್‌ನ ಮೊದಲರ್ಧವನ್ನು ನಾವು ಪುತ್ರಿಯರಿಗೆ ಹೇಳುತ್ತೇವೆ. ಉಳಿದರ್ಧವನ್ನು ಪುತ್ರರಿಗೆ ಹೇಳುತ್ತೇವೆಯೇ?

ವಿದ್ವಾಂಸರೂ ಸಂದರ್ಭವನ್ನು ಅರಿತೇ ತೀರ್ಪು ನೀಡಿದ್ದಾರೆ. ಹನಫಿಗಳ ಪ್ರಸಿದ್ಧ ಅಭಿಪ್ರಾಯದಂತೆ ಮಹ್ರಮ್ ಕಡ್ಡಾಯವಾಗುವುದು ಮೂರು ದಿನಗಳ ದಾರಿಯಷ್ಟು ದೂರದ ಪ್ರಯಾಣಕ್ಕೆ. ಇಂದಿನ ಲೆಕ್ಕದಲ್ಲಿ ಸುಮಾರು 77 ಕಿಲೋಮೀಟರ್. ಬಳ್ಳಾರಿ ನಮಗೆ ಅಷ್ಟು ದೂರವಿಲ್ಲ. ಕಡ್ಡಾಯ ಹಜ್ಜ್‌ಗೆ ವಿಶ್ವಾಸಾರ್ಹ ಮಹಿಳೆಯರ ತಂಡ ಸಾಕೆಂದು ಶಾಫಿಈಗಳು ಹೇಳುತ್ತಾರೆ. 45 ವರ್ಷ ದಾಟಿದ ನಾಲ್ವರು ಮಹಿಳೆಯರು ಕೂಡಿ ಮಹ್ರಮ್ ಇಲ್ಲದೆ ಹಜ್ಜ್‌ಗೆ ಹೋಗಲು ನಮ್ಮ ದೇಶದಲ್ಲಿ 2018ರಲ್ಲಿ ಅವಕಾಶವಾಯಿತು. ಖಲೀಫಾ ಉಮರ್(ರ) ತಮ್ಮ ಕೊನೆಯ ಹಜ್ಜ್‌ನಲ್ಲಿ ಪ್ರವಾದಿ ಪತ್ನಿಯರ ಜೊತೆಗೆ ಉಸ್ಮಾನ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರನ್ನು ಕಳುಹಿಸಿದ್ದರು. ಸಮಾಜದ ಶ್ರೇಷ್ಠರೇ ಈ ಸೇವೆಗೆ ನಿಂತಿದ್ದರು.

ದಾರಿಯಲ್ಲಿ ಭಯವಿದೆ ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ಆದರೆ ಆ ಭಯವನ್ನು ಹುಟ್ಟಿಸುವವರು ಯಾರು? ಅನ್ನೂರ್ ಅಧ್ಯಾಯವು ದೃಷ್ಟಿ ತಗ್ಗಿಸುವಂತೆ ಮೊದಲು ಆಜ್ಞಾಪಿಸಿದ್ದು ಪುರುಷರಿಗೆ, ಅನಂತರ ಸ್ತ್ರೀಯರಿಗೆ. ಬಸ್ ನಿಲ್ದಾಣದಲ್ಲಿ ಪರರ ಪುತ್ರಿಯನ್ನು ದಿಟ್ಟಿಸುವ ಯುವಕ ತನ್ನ ತಂಗಿಗೆ ಎಂಥ ರಕ್ಷಕನಾದಾನು?

ತಂದೆಯಂದಿರೇ, ಮಗಳ ಜೊತೆಗೆ ಹೋಗಲು ವಾರಕ್ಕೊಂದು ದಿನ ಬಿಡುವು ಮಾಡಿಕೊಳ್ಳಿರಿ. ಆಗದಿದ್ದರೆ ಒಂದೇ ಓಣಿಯ ನಾಲ್ಕು ಹೆಣ್ಣುಮಕ್ಕಳನ್ನು ಜೊತೆಗೂಡಿಸಿ ಕಳುಹಿಸಿರಿ. ಮಹ್ರಮ್‌ನ ಹೆಸರಿನಲ್ಲಿ ಬಾಗಿಲು ಮುಚ್ಚುವುದು ಸುಲಭ, ಜೊತೆಗೆ ನಡೆಯುವುದು ಕಷ್ಟ. ಆ ಕಷ್ಟಕ್ಕೇ ಅಲ್ಲಾಹನ ಬಳಿ ಪ್ರತಿಫಲವಿದೆ.