ಇಟ್ಟುಕೊಳ್ಳುವುದೋ, ಕೊಟ್ಟುಬಿಡುವುದೋ?



ಹೊಸ ಗಾಡಿ ಕೊಂಡವರು ಅದನ್ನು ನೇರವಾಗಿ ದೇವಾಲಯದ ಮುಂದೆ ತಂದು ನಿಲ್ಲಿಸಿ, "ಸ್ವಾಮಿ, ಮಂತ್ರಿಸಿಕೊಡಿ" ಎನ್ನುವುದು ನಮ್ಮಲ್ಲಿ ವಾಡಿಕೆ. ನಾನೂ ಸಂತೋಷದಿಂದ ತೀರ್ಥ ಚಿಮುಕಿಸಿ ಪ್ರಾರ್ಥಿಸುತ್ತೇನೆ. ಆದರೆ ಹಳೆಯ ಗಾಡಿಯನ್ನು ಮಾರುವ ಮುನ್ನ ನನ್ನನ್ನು ಕರೆಸಿದವರು ಇಷ್ಟು ವರ್ಷಗಳಲ್ಲಿ ಒಬ್ಬರೇ.

ಅವರು ಕೆಸರೆಯ ಹಿರಿಯರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದವರು. 1960ರ ದಶಕದ ಆರಂಭದಿಂದ 1996ರಲ್ಲಿ ಬಾಗಿಲು ಮುಚ್ಚುವವರೆಗೆ ಆ ಕಾರ್ಖಾನೆ ಮೈಸೂರಿನಲ್ಲಿ ಎಷ್ಟು ಮನೆಗಳ ಒಲೆ ಉರಿಸಿತೆಂಬುದನ್ನು ಹಿರಿಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಇವರ ಅಂಗಳದಲ್ಲಿರುವುದು 1988ರ ಯೆಜ್ಡಿ ರೋಡ್‌ಕಿಂಗ್. 250 ಸಿ.ಸಿ., ಎರಡು ಸೈಲೆನ್ಸರ್, ಕಿಕ್ಕರ್ರೂ ಗೇರೂ ಒಂದೇ ಲಿವರಿನಲ್ಲಿ. ಗಾಡಿಯನ್ನು ಕೊಂಡದ್ದು ಕೈಯಿಂದ ಹಣ ಕೊಟ್ಟೇ, ಆದರೆ ಜೋಡಿಸಿದ ಕೈಗಳಲ್ಲಿ ತನ್ನವೂ ಎರಡು ಎಂದು ಅವರು ಹೇಳುತ್ತಾರೆ. ಹಾಗೆ ಹೇಳುವಾಗ ಅವರ ಧ್ವನಿ ಬದಲಾಗುತ್ತದೆ.

ಮಗನಿಗೆ ಇದನ್ನು ಕೊಟ್ಟು ಸ್ಕೂಟರ್ ತರುವ ಆಸೆ. ಹಳೆಯ ಯೆಜ್ಡಿಗಳನ್ನು ಹುಡುಕಿಕೊಂಡು ಬಂದು ಒಳ್ಳೆಯ ಬೆಲೆ ಕೊಡುವವರು ಈಗ ಇದ್ದಾರೆ. ತಂದೆ ಒಪ್ಪುವುದಿಲ್ಲ. "ಸ್ವಾಮಿ, ಒಂದು ವಸ್ತುವಿನ ಮೇಲೆ ಇಷ್ಟು ಮೋಹ ಪಾಪವೇ?" ಎಂದು ಕೇಳಿದರು.

ಪಾಪ ಎಂದು ಥಟ್ಟನೆ ಹೇಳಲು ನನಗೆ ಮನಸ್ಸು ಬರಲಿಲ್ಲ. ಅಜ್ಜಿಯ ಸವೆದ ಜಪಮಾಲೆಯನ್ನು ಕಣ್ಣಿಗೊತ್ತಿಕೊಳ್ಳುವ ಜನ ನಾವು. ವಸ್ತುಗಳು ಬರೀ ವಸ್ತುಗಳಲ್ಲ. ಗುರುಮಠದಲ್ಲಿ ತತ್ವಶಾಸ್ತ್ರದ ತರಗತಿಯಲ್ಲಿ ಪ್ಲುಟಾರ್ಕ್ ಹೇಳುವ ಥೀಸಿಯಸನ ಹಡಗಿನ ಬಗ್ಗೆ ಗಂಟೆಗಟ್ಟಲೆ ವಾದಿಸುತ್ತಿದ್ದೆವು. ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಅದು ಅದೇ ಹಡಗೇ? ಈ ಯೆಜ್ಡಿಯಲ್ಲೂ ಪಿಸ್ಟನ್, ಸೀಟು, ಕಾರ್ಬ್ಯುರೇಟರ್ ಎಲ್ಲ ಬದಲಾಗಿವೆ. ಹಾಗಾದರೆ ಅವರು ಉಳಿಸಿಕೊಂಡಿರುವುದು ಏನನ್ನು? ತಾನು ಕೆಲಸಗಾರನಾಗಿದ್ದ ದಿನಗಳನ್ನು ಎಂದು ನನಗೆ ತೋರಿತು. ಯೆಜ್ಡಿ ಎಂಬ ಹೆಸರು 2022ರಲ್ಲಿ ಮರಳಿ ಬಂತು, ನಿಜ. ಆದರೆ ಆ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಯಾದವಗಿರಿಯ ದಿನಗಳು ಮರಳಲಿಲ್ಲ.

ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ಪರಿಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯನ್ನು ಖಂಡಿಸಿದ್ದಾರೆ. ತಂದೆಯವರಿಗೆ ಇದು ಗೊತ್ತಿತ್ತು, ಮಗನ ಎದುರಿಗೆ ಅಸ್ತ್ರದಂತೆ ಬಳಸಿಯೂ ಇದ್ದರು. ಆದರೆ ಅದೇ ಪರಿಪತ್ರ ಬಡವರ ಎದೆಗೆ ಇಳಿಯುವ ಹೊಗೆಯ ಬಗ್ಗೆಯೂ ಮಾತನಾಡುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಜೊತೆ ಆಯಿಲೂ ಉರಿಯುತ್ತದೆ. ಆ ನೀಲಿ ಹೊಗೆ ಕಿರಿದಾದ ಬೀದಿಯಲ್ಲಿ ಎದುರು ಮನೆಯ ಮಗುವಿನ ಕಿಟಕಿಗೇ ಹೋಗುತ್ತದೆ. ಪರಿಪತ್ರವನ್ನು ಓದುವವರು ಪೂರ್ತಿ ಓದಬೇಕು!

ಅಂದು ನನ್ನ ನೆನಪಿಗೆ ಬಂದವರು ಲೊಯೋಲದ ಸಂತ ಇಗ್ನೇಷಿಯಸರು. 1548ರಲ್ಲಿ ಧರ್ಮಸಭೆಯ ಒಪ್ಪಿಗೆ ಪಡೆದ ತಮ್ಮ ಆಧ್ಯಾತ್ಮಿಕ ಸಾಧನೆಯ ಪುಸ್ತಕದಲ್ಲಿ ಅವರು ಮೂರು ಬಗೆಯ ಜನರನ್ನು ಚಿತ್ರಿಸುತ್ತಾರೆ. ಮೂವರಿಗೂ ದೊಡ್ಡ ಮೊತ್ತದ ಹಣ ಸಿಕ್ಕಿದೆ, ಅದರ ಮೋಹ ಮನಸ್ಸನ್ನು ಕಾಡುತ್ತಿದೆ. ಮೊದಲನೆಯವನು ಬಿಡಬೇಕು ಬಿಡಬೇಕು ಎನ್ನುತ್ತಲೇ ಸಾಯುವವರೆಗೂ ಏನೂ ಮಾಡುವುದಿಲ್ಲ. ಎರಡನೆಯವನಿಗೆ ಮೋಹ ಹೋಗಬೇಕು, ಹಣ ಮಾತ್ರ ಉಳಿಯಬೇಕು. ತಾನು ನಿಂತಲ್ಲಿಗೇ ದೇವರು ಬರಲಿ ಎನ್ನುತ್ತಾನೆ. ಮೂರನೆಯವನು ಇಟ್ಟುಕೊಳ್ಳಲೂ ಸಿದ್ಧ, ಕೊಡಲೂ ಸಿದ್ಧ. ದೇವರ ಸೇವೆಗೆ ಯಾವುದು ಹೆಚ್ಚು ಒದಗುತ್ತದೋ ಅದು. ಗಮನಿಸಿ, ಇಗ್ನೇಷಿಯಸರು ಮಾರಿಬಿಡು ಎನ್ನುವುದಿಲ್ಲ. ಉತ್ತರ ಯಾವುದೇ ಬಂದರೂ ಕೇಳಿಸಿಕೊಳ್ಳುವ ಕಿವಿ ನಿನಗಿದೆಯೇ ಎಂದು ಕೇಳುತ್ತಾರೆ.

ಹಾಗೆ ನೋಡಿದರೆ ಮಗನೂ ಎರಡನೆಯ ಸಾಲಿನವನೇ. ಗೆಳೆಯರ ಎದುರು ಹಳೆಯ ಗಾಡಿಯಲ್ಲಿ ಇಳಿಯಲು ಅವನಿಗೆ ನಾಚಿಕೆ. ಮೈಲೇಜಿನ ಲೆಕ್ಕವೆಲ್ಲ ಆಮೇಲೆ ಹುಡುಕಿಕೊಂಡದ್ದು. ತಂದೆ ನೆನಪಿಗೆ ಕಟ್ಟುಬಿದ್ದಿದ್ದರೆ ಮಗ ಹೊಸತಿಗೆ. ಇಬ್ಬರೂ ತೀರ್ಮಾನ ಮಾಡಿಕೊಂಡೇ ಗುರುಗಳನ್ನು ಕರೆದಿದ್ದರು.

ಇಷ್ಟು ಹೊತ್ತೂ ಅಡುಗೆಮನೆಯ ಬಾಗಿಲಲ್ಲಿ ಒಬ್ಬರು ನಿಂತಿದ್ದರು. "ನಿಮಗೇನನ್ನಿಸುತ್ತಮ್ಮ?" ಎಂದೆ. "ನನ್ನನ್ನು ಯಾರು ಕೇಳ್ತಾರೆ ಸ್ವಾಮಿ? ಮಂಡಿ ನೋವು, ಆ ಸೀಟು ಹತ್ತಕ್ಕಾಗಲ್ಲ. ಆಸ್ಪತ್ರೆಗೆ ಹೋಗೋ ದಿನ ಇವರು ಹತ್ತು ಸಲ ಕಿಕ್ ಹೊಡೀತಾರೆ, ನಾನು ಗೇಟ್ ಹಿಡ್ಕೊಂಡು ನಿಂತಿರ್ತೀನಿ" ಎಂದರು. ತಂದೆಯೂ ಮಗನೂ ಮಾತಾಡಲಿಲ್ಲ. ನನಗೂ ನಾಚಿಕೆಯಾಯಿತು. ಮನೆಗೆ ಕಾಲಿಟ್ಟು ಮುಕ್ಕಾಲು ಗಂಟೆಯಾಗಿತ್ತು, ಮೊದಲು ಕೇಳಬೇಕಾದವರನ್ನು ನಾನೂ ಕಡೆಯಲ್ಲೇ ಕೇಳಿದ್ದೆ.

ವಿವೇಕಕ್ಕೆ ಮೂರು ಕೆಲಸಗಳಿವೆ ಎನ್ನುತ್ತಾರೆ ಸಂತ ಥಾಮಸ್ ಅಕ್ವಿನಾಸರು: ವಿಚಾರಿಸುವುದು, ನಿರ್ಣಯಿಸುವುದು, ನಿರ್ಣಯವನ್ನು ನಡೆಸುವುದು. ಮೂರನೆಯದೇ ಮುಖ್ಯ ಎಂದೂ ಅವರು ಹೇಳುತ್ತಾರೆ. ಆ ಮನೆಯಲ್ಲಿ ಮೊದಲನೆಯದೇ ಅರ್ಧ ನಡೆದಿತ್ತು.

ಮಾರುವುದೇ ಆದರೆ ಅದೇ ಸಂತರ ಇನ್ನೊಂದು ಮಾತೂ ಇದೆ. ಕಣ್ಣಿಗೆ ಕಾಣದ ದೋಷ ಕೊಳ್ಳುವವನಿಗೆ ಹಾನಿಯನ್ನೋ ಅಪಾಯವನ್ನೋ ತರುವಂಥದ್ದಾದರೆ ಮಾರುವವನು ಅದನ್ನು ಹೇಳಲೇಬೇಕು. ನಾವು ಮಾತ್ರ "ಒಂದೇ ಕೈ ಗಾಡಿ, ಏನೂ ತೊಂದರೆ ಇಲ್ಲ" ಎಂದು ಸಲೀಸಾಗಿ ಹೇಳಿಬಿಡುತ್ತೇವೆ, ಪಾಪನಿವೇದನೆಯಲ್ಲಿ ಅದನ್ನು ನೆನೆಯುವುದೂ ಇಲ್ಲ.

ಕಳೆದ ಭಾನುವಾರ ಪೂಜೆಯ ನಂತರ ಆ ಹಿರಿಯರು ಸಿಕ್ಕಿದರು. ಗಾಡಿ ಇನ್ನೂ ಅಂಗಳದಲ್ಲೇ ಇದೆಯಂತೆ. ಹೆಂಡತಿಯನ್ನು ಆಸ್ಪತ್ರೆಗೆ ಆಟೋದಲ್ಲಿ ಕರೆದೊಯ್ದರಂತೆ. ಅಂಗಿಯ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ತೋರಿಸಿದರು. ಗಾಡಿಯ ದೋಷಗಳನ್ನು ಒಂದೊಂದಾಗಿ ಬರೆದಿದ್ದರು. "ಇನ್ನೂ ಎರಡು ಬಾಕಿ ಇವೆ ಸ್ವಾಮಿ, ಅವು ನನಗೊಬ್ಬನಿಗೇ ಗೊತ್ತು" ಎಂದು ನಕ್ಕರು.