ಹಳೆ ಬಟ್ಟೆ ಮಾರುವ ಮುನ್ನ



ರಮದಾನ್ ಬಂತೆಂದರೆ ನಮ್ಮ ರೂಮುಗಳಲ್ಲಿ ಮಂಚದ ಕೆಳಗಿನ ಪೆಟ್ಟಿಗೆಗಳು ಹೊರಗೆ ಬರುತ್ತವೆ. ಈದ್‌ಗೆ ಹೊಸ ಅಂಗಿ ಬೇಕು, ಹಳೆಯದನ್ನು ಇಡಲು ಜಾಗವಿಲ್ಲ. ಊರಿಗೆ ಕಳಿಸೋಣವೆಂದರೆ ಕಾರ್ಗೋದವರು ಕಿಲೋ ಲೆಕ್ಕದಲ್ಲಿ ಹಣ ಕೇಳುತ್ತಾರೆ. ಹಾಗಾಗಿ ಕೆಲವರು ಮೊಬೈಲಿನಲ್ಲಿ ಫೋಟೋ ತೆಗೆದು ಡುಬಿಝಲ್‌ನಲ್ಲೋ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲೋ, ವಾಟ್ಸಾಪ್ ಗ್ರೂಪಿನಲ್ಲೋ ಹಾಕುತ್ತಾರೆ: ಜಾಕೆಟ್, ಎಲ್ ಸೈಜ್, 40 ದಿರ್ಹಮ್.

ಹಾಕಿದ ಮೇಲೆ ಮನಸ್ಸಿನಲ್ಲಿ ಒಂದು ಅಳುಕು. ಉಟ್ಟು ಬಿಟ್ಟದ್ದನ್ನು ಮಾರುವುದು ಮರ್ಯಾದೆಯ ಕೆಲಸವೇ? ದಾನದ ತಿಂಗಳಲ್ಲಿ ಬಡವನಿಗೆ ಸುಮ್ಮನೆ ಕೊಡಬಹುದಾದದ್ದಕ್ಕೆ ದುಡ್ಡು ಕೇಳುವುದು ಜಿಪುಣತನವಲ್ಲವೇ?

ಅಬೂದಾವೂದ್ ಸಂಗ್ರಹದಲ್ಲಿ ವರದಿಯಾದ ಒಂದು ಘಟನೆ ಈ ಅಳುಕಿಗೆ ಉತ್ತರ ಕೊಡುತ್ತದೆ. ಅನ್ಸಾರಿಗಳಲ್ಲಿ ಒಬ್ಬರು ಸಹಾಯ ಬೇಡಿಕೊಂಡು ಪ್ರವಾದಿಯವರ(ಸ) ಬಳಿ ಬಂದರು. ಮನೆಯಲ್ಲಿ ಏನಿದೆ ಎಂದು ಪ್ರವಾದಿಯವರು(ಸ) ವಿಚಾರಿಸಿದರು. ಇದ್ದದ್ದು ಅರ್ಧ ಹೊದೆದು ಅರ್ಧ ಹಾಸಿಕೊಳ್ಳುವ ಒಂದು ದಪ್ಪ ಬಟ್ಟೆ ಮತ್ತು ನೀರು ಕುಡಿಯುವ ಒಂದು ಬಟ್ಟಲು ಮಾತ್ರ. ಅವೆರಡನ್ನೂ ತರಿಸಿ, ತಮ್ಮ ಕೈಯಲ್ಲಿ ಹಿಡಿದು, ಅಲ್ಲಿದ್ದವರ ನಡುವೆ ಹರಾಜು ಕೂಗಿದವರು ಸ್ವತಃ ಪ್ರವಾದಿಯವರು(ಸ). ಒಬ್ಬರು ಒಂದು ದಿರ್ಹಮ್ ಎಂದರು, ಇನ್ನೊಬ್ಬರು ಎರಡು ಕೊಟ್ಟು ಕೊಂಡರು. ಒಂದು ದಿರ್ಹಮ್ ಮನೆಯವರ ಊಟಕ್ಕೆ ಹೋಯಿತು. ಇನ್ನೊಂದರಲ್ಲಿ ಕೊಡಲಿ ಬಂತು. ಆ ವ್ಯಕ್ತಿ ಹದಿನೈದು ದಿನ ಕಟ್ಟಿಗೆ ಕಡಿದು ಮಾರಿ, ಹತ್ತು ದಿರ್ಹಮ್ ಸಂಪಾದಿಸಿ ಮರಳಿದರು.

ಉಪಯೋಗಿಸಿದ ಬಟ್ಟೆಯನ್ನು ಮಾರುವುದರಲ್ಲಿ ನಾಚಿಕೆ ಇದ್ದಿದ್ದರೆ ಆ ಬಟ್ಟೆ ಆ ಕೈಗಳಲ್ಲಿ ಇರುತ್ತಿರಲಿಲ್ಲ. ಆದ್ದರಿಂದ ಮಾರಬಹುದೇ ಎಂಬ ಪ್ರಶ್ನೆಯನ್ನು ಇಲ್ಲಿಗೇ ಬಿಡೋಣ. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ ಎರಡಿವೆ: ಆ ಬಟ್ಟೆ ನಿಜವಾಗಿ ನನ್ನದೇ? ಕೊಳ್ಳುವವನಿಗೆ ಅದರ ಬಗ್ಗೆ ನನಗೆ ಗೊತ್ತಿರುವಷ್ಟು ಗೊತ್ತಿದೆಯೇ?

ಮೊದಲನೆಯ ಪ್ರಶ್ನೆಯನ್ನು ತೆಗೆದುಕೊಳ್ಳಿ. ಮರಳಿಸಬೇಕೆಂದು ಹೇಳಿ ಕಂಪೆನಿ ಕೊಟ್ಟ ಯೂನಿಫಾರ್ಮ್, ಜಾಕೆಟ್, ಸೇಫ್ಟಿ ಶೂ ನಿಮ್ಮ ಮೈಮೇಲಿದ್ದರೂ ಅದು ಅಮಾನತ್ತು. ಅದನ್ನು ಮಾರುವ ಹಕ್ಕು ನಮಗಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತು. ಮನೆಗೆಲಸದವರು, ಹೌಸ್ ಡ್ರೈವರುಗಳು ಎದುರಿಸುವ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ರಮದಾನ್‌ಗೆ ಮನೆ ಶುಚಿ ಮಾಡುವಾಗ ಮೇಡಂ ಒಂದು ದೊಡ್ಡ ಚೀಲ ತುಂಬಾ ಬಟ್ಟೆ ಕೊಡುತ್ತಾರೆ. ಹೆಚ್ಚಿನವು ಒಳ್ಳೆಯವೇ, ಕೆಲವಕ್ಕೆ ಅಂಗಡಿಯ ಚೀಟಿ ಕೂಡ ಹಾಗೇ ಇರುತ್ತದೆ. ಕೊಡುವಾಗ ಅವರು ಏನು ಹೇಳಿದರು ಎಂಬುದನ್ನು ನೆನಪಿಸಿಕೊಳ್ಳಿ. "ಇದು ನಿನಗೆ" ಎಂದಿದ್ದರೆ ಅದು ಉಡುಗೊರೆ. ಉಡಿ, ಊರಿಗೆ ಕಳಿಸಿ, ಮಾರಿ, ಯಾರೂ ಕೇಳುವಂತಿಲ್ಲ. "ಬಡವರಿಗೆ ಕೊಟ್ಟುಬಿಡು" ಎಂದಿದ್ದರೆ ನೀವು ಅದರ ಒಡೆಯರಲ್ಲ, ಅವರ ವಕೀಲರು, ಅಂದರೆ ಅವರ ಪರವಾಗಿ ತಲುಪಿಸುವವರು. ಅದನ್ನು ಮಾರಿ ಹಣ ಜೇಬಿಗೆ ಹಾಕಿಕೊಂಡರೆ ಮೇಡಂಗೆ ಗೊತ್ತಾಗಲಿಕ್ಕಿಲ್ಲ; ಆದರೂ ಅವರು ಕೊಟ್ಟ ದಾನ ದಾರಿಯಲ್ಲೇ ನಿಂತುಹೋಯಿತು. ನೀವೂ ಬಡವರೇ ಆಗಿರಬಹುದು. ಹಾಗಿದ್ದರೆ ಬಾಯಿ ಬಿಟ್ಟು ಕೇಳಿ: "ಮೇಡಂ, ಇದರಲ್ಲಿ ನನಗೆ ಬೇಕಾದದ್ದನ್ನು ಇಟ್ಟುಕೊಳ್ಳಬಹುದೇ, ಮಾರಬಹುದೇ?" ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ಒಂದು ಮಾತು ಕೇಳಿದರೆ ಹಲಾಲ್ ಆಗುವುದನ್ನು ಕೇಳದೆ ಸಂಶಯದಲ್ಲಿ ಇಡುವುದೇಕೆ?

ಕ್ಯಾಂಪಿಗೆ ಬಂದು ಬಟ್ಟೆ ಹಂಚುವಾಗಲೂ ಹೀಗೆಯೇ. ನಿಮಗೆಂದು ಕೊಟ್ಟದ್ದು ನಿಮ್ಮದು. ಆದರೆ ಮಾರುವ ಲೆಕ್ಕ ಹಾಕಿ ಎರಡು ಬಾರಿ ಸಾಲಿನಲ್ಲಿ ನಿಂತರೆ, ಸಾಲಿನ ಕೊನೆಯಲ್ಲಿ ಬರಿಗೈಯಲ್ಲಿ ಹಿಂದಿರುಗುವವನು ನಮ್ಮಂಥ ಇನ್ನೊಬ್ಬ ಕೆಲಸಗಾರ.

ಇನ್ನು ಎರಡನೆಯ ಪ್ರಶ್ನೆ. ನಮ್ಮ ಊರುಗಳಲ್ಲಿ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರನ್ನು ನೀವು ನೋಡಿರುತ್ತೀರಿ. ಆಕೆ ಪ್ರತಿಯೊಂದು ಸೀರೆಯನ್ನೂ ಬೆಳಕಿಗೆ ಹಿಡಿಯುತ್ತಾಳೆ, ಅಂಗಿಯ ಕಾಲರ್ ತಿರುಗಿಸುತ್ತಾಳೆ, ಪ್ಯಾಂಟಿನ ತೊಡೆಯ ಹೊಲಿಗೆ ಎಳೆದು ನೋಡುತ್ತಾಳೆ. ಅಮ್ಮನ ಜೊತೆ ಅರ್ಧ ಗಂಟೆ ಚೌಕಾಸಿ ನಡೆದ ಮೇಲೆ ಒಂದು ಡಬರಿ ಕೈಗೆ ಬರುತ್ತದೆ. ಅಲ್ಲಿ ಯಾರೂ ಯಾರಿಗೂ ಮೋಸ ಮಾಡುವಂತಿಲ್ಲ, ಏಕೆಂದರೆ ಬಟ್ಟೆ ಕೈಯಲ್ಲಿದೆ. ಮೊಬೈಲಿನಲ್ಲಿ ಮಾರುವಾಗ ಕೊಳ್ಳುವವನಿಗೆ ಕೈ ಇಲ್ಲ. ಅವನಿಗೆ ಇರುವುದು ನೀವು ತೋರಿಸಿದ ಫೋಟೋ ಮಾತ್ರ. ಅಂಗಿಯನ್ನು ಹೇಗೆ ಮಡಚಬೇಕು, ಯಾವ ಕಡೆ ಮೇಲೆ ಬರಬೇಕು ಎಂದು ತೀರ್ಮಾನಿಸುವವರು ನೀವು.

ಮದೀನಾದ ಪೇಟೆಯಲ್ಲಿ ಪ್ರವಾದಿಯವರು(ಸ) ಒಮ್ಮೆ ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಬೆರಳಿಗೆ ಒದ್ದೆ ತಾಗಿತು. ಮಳೆಯಲ್ಲಿ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆಯಾದದ್ದನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ಮೋಸ ಮಾಡುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಧಾನ್ಯ ನೆನೆದದ್ದು ಮಳೆಯಿಂದ, ಅದು ಅವನ ತಪ್ಪಲ್ಲ. ಒದ್ದೆ ಧಾನ್ಯವನ್ನು ಮಾರಬೇಡ ಎಂದೂ ಅವರು ಹೇಳಲಿಲ್ಲ. ತಪ್ಪಿದ್ದದ್ದು ಒದ್ದೆಯನ್ನು ಕೆಳಗಿಟ್ಟದ್ದರಲ್ಲಿ. ನಮ್ಮ ವ್ಯಾಪಾರಕ್ಕೆ ಇದನ್ನು ಹೊಂದಿಸಿದರೆ ಅರ್ಥ ಸ್ಪಷ್ಟ: ಕಲೆಯ ಫೋಟೋ ಮೊದಲು ಹಾಕಿ. ಕಾಲರ್ ಸವೆದಿದೆ, ಝಿಪ್ ಸಿಕ್ಕಿಕೊಳ್ಳುತ್ತದೆ, ಒಗೆದ ಮೇಲೆ ಒಂದು ಸೈಜ್ ಚಿಕ್ಕದಾಗಿದೆ, ಇದು ಒರಿಜಿನಲ್ ಅಲ್ಲ, ಕಾಪಿ ಎಂದು ಬರೆಯಿರಿ.

"ಇಪ್ಪತ್ತು ದಿರ್ಹಮ್ ಅಂಗಿಗೆ ಇಷ್ಟೆಲ್ಲ ಬೇಕೇ? ಬಂದು ನೋಡಿಯೇ ಕೊಳ್ಳುತ್ತಾನಲ್ಲ, ಬೇಡವಾದರೆ ಬಿಡಲಿ" ಎಂದು ನೀವು ಹೇಳಬಹುದು. ಆದರೆ ಬರುವವನು ಯಾರು? ಬೇರೆಯವರು ಉಟ್ಟ ಅಂಗಿಯನ್ನು ಹುಡುಕುವವನಿಗೆ ಇಪ್ಪತ್ತು ದಿರ್ಹಮ್ ಸಣ್ಣದಲ್ಲ. ಅವನು ಡ್ಯೂಟಿ ಮುಗಿಸಿ, ಸೋನಾಪುರದಿಂದಲೋ ಅಲ್‌ಕೂಝ್‌ನಿಂದಲೋ ಬಸ್ಸು ಹಿಡಿದು, ನೀವು ಹೇಳಿದ ಮೆಟ್ರೋ ಸ್ಟೇಷನ್‌ಗೆ ಬರುತ್ತಾನೆ. ಹೋಗಿಬರಲು ನೋಲ್ ಕಾರ್ಡಿನಿಂದ ದುಡ್ಡು ಹೋಯಿತು. ಅಬುಧಾಬಿಯಲ್ಲಾದರೆ ಮುಸಫ್ಫಾದಿಂದ ನಗರದವರೆಗೆ ಬಂದಿರುತ್ತಾನೆ. ಅಷ್ಟು ದೂರ ಬಂದವನು ಸವೆದ ಕಾಲರ್ ನೋಡಿ ಒಂದು ಕ್ಷಣ ಸುಮ್ಮನಾಗುತ್ತಾನೆ, ಆಮೇಲೆ ಹಣ ಕೊಡುತ್ತಾನೆ. ಬರಿಗೈಯಲ್ಲಿ ಮರಳಿದರೆ ಬಸ್ಸಿನ ದುಡ್ಡೂ ನಷ್ಟ. ಆ ಮೌನವನ್ನು ಒಪ್ಪಿಗೆ ಎಂದು ತಿಳಿಯಬೇಡಿ.

ಆ ಮೌನ ನಮಗೆ ಹೊಸದಲ್ಲ. ಊರಿನಲ್ಲಿ ಏಜೆಂಟ್ ಹೇಳಿದ ಕೆಲಸ ಒಂದು, ಇಲ್ಲಿ ಸಿಕ್ಕ ಕೆಲಸ ಇನ್ನೊಂದು. ತೋರಿಸಿದ ಸಂಬಳ ಒಂದು, ಕೈಗೆ ಬಂದದ್ದು ಇನ್ನೊಂದು. ಸಾಲ ಮಾಡಿ ಇಷ್ಟು ದೂರ ಬಂದ ಮೇಲೆ ತಿರುಗಿ ಹೋಗುವುದೆಲ್ಲಿಗೆ ಎಂದು ಬಾಯಿ ಮುಚ್ಚಿ ಸಹಿ ಹಾಕಿದವರು ನಮ್ಮ ನಡುವೆ ಎಷ್ಟು ಮಂದಿ ಇಲ್ಲ! ಆ ನೋವು ಗೊತ್ತಿರುವ ಕೈ ಇನ್ನೊಬ್ಬನಿಗೆ, ಅಂಗಿಯಷ್ಟು ಸಣ್ಣ ವಿಷಯದಲ್ಲೂ, ಅದನ್ನೇ ಮಾಡಬಾರದು.

ಇಮಾಮ್ ಅಬೂ ಹನೀಫಾ(ರ) ಕೂಫಾದಲ್ಲಿ ಬಟ್ಟೆಯ ವ್ಯಾಪಾರಿಯಾಗಿದ್ದರು. ಒಂದು ಬಟ್ಟೆಯಲ್ಲಿ ದೋಷವಿದೆ, ಮಾರುವಾಗ ಹೇಳು ಎಂದು ತಮ್ಮ ಪಾಲುದಾರ ಹಫ್ಸ್‌ರಿಗೆ ತಿಳಿಸಿದ್ದರು. ಹಫ್ಸ್ ಮರೆತು ಮಾರಿಬಿಟ್ಟರು. ಕೊಂಡವರು ಯಾರೆಂದೂ ಗೊತ್ತಾಗಲಿಲ್ಲ. ಇಮಾಮರು ಆ ಸರಕಿನ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಚರಿತ್ರೆಯಲ್ಲಿ ಬರುತ್ತದೆ. ನಮ್ಮಲ್ಲಿ ಶಾಫಿಈಗಳೂ ಇದ್ದಾರೆ, ಹನಫಿಗಳೂ ಇದ್ದಾರೆ. ಗೊತ್ತಿರುವ ದೋಷವನ್ನು ಮುಚ್ಚಿಡಬಾರದು ಎಂಬುದರಲ್ಲಿ ಎರಡು ಅಭಿಪ್ರಾಯವಿಲ್ಲ. ನಮಗಂತೂ ಕೊಂಡವನ ನಂಬರ್ ಮೊಬೈಲಿನಲ್ಲೇ ಇರುತ್ತದೆ. ಹೇಳಲು ಮರೆತಿದ್ದರೆ ಒಂದು ಮೆಸೇಜ್ ಕಳಿಸಬಹುದು, ಬೇಡವೆಂದರೆ ಹಣ ಮರಳಿಸಬಹುದು.

ಹಾಗಾದರೆ ಮಾರುವುದೋ, ದಾನ ಕೊಡುವುದೋ? ಎರಡಕ್ಕೂ ದಾರಿ ಇದೆ. ಹತ್ತು ದಿರ್ಹಮ್ ಕೊಟ್ಟು ಕೊಂಡವನು ತಲೆ ಎತ್ತಿ ನಡೆಯುತ್ತಾನೆ. ಕಡಿಮೆ ಬೆಲೆಗೆ ಮಾರುವುದೂ ಒಂದು ಉಪಕಾರ. ಕೊಡುವುದಾದರೆ ಒಂದನ್ನು ಗಮನಿಸಿ. ಅಲ್‌ಬಕರಾ ಅಧ್ಯಾಯದ 267ನೇ ಸೂಕ್ತವು ನಾವೇ ಕಣ್ಣು ಮುಚ್ಚಿಕೊಳ್ಳದೆ ಸ್ವೀಕರಿಸಲಾರದಂಥ ಕೀಳು ವಸ್ತುವನ್ನು ದಾನಕ್ಕೆ ಆರಿಸುವುದನ್ನು ತಡೆಯುತ್ತದೆ. ಒಳ್ಳೆಯದನ್ನೆಲ್ಲ ಮಾರಾಟಕ್ಕೆ ಇಟ್ಟು, ಯಾರೂ ಕೊಳ್ಳದ ಹರಕನ್ನು ರೆಡ್ ಕ್ರೆಸೆಂಟ್ ಪೆಟ್ಟಿಗೆಗೆ ಹಾಕಿ ಸದಖಾ ಎಂದು ಕರೆಯುವುದು ಈ ಸೂಕ್ತದ ಎದುರು ನಿಲ್ಲದು. ಹರಕನ್ನು ನೆಲ ಒರೆಸಲು ಬಳಸಿ. ದಾನಕ್ಕೆ, ಮಾರಿದರೆ ಬೆಲೆ ಬರುತ್ತಿದ್ದ ಒಂದನ್ನಾದರೂ ತೆಗೆದಿಡಿ.

"ಮಾರಿದ ಹಣ ಬಡವರಿಗೆ" ಎಂದು ಬರೆದು ಮಾರಲು ಹೋಗಬೇಡಿ. ಪರವಾನಗಿ ಇಲ್ಲದೆ ದೇಣಿಗೆ ಸಂಗ್ರಹಿಸುವುದು ಈ ದೇಶದಲ್ಲಿ ಅಪರಾಧ. 2021ರ ಕಾನೂನು ಅದನ್ನು ಸ್ಪಷ್ಟಪಡಿಸಿದೆ. ನಿಮ್ಮ ಬಟ್ಟೆಯನ್ನು ನಿಮ್ಮದೆಂದೇ ಮಾರಿ, ಆ ಹಣದಿಂದ ಕೊಡಬೇಕೆನಿಸಿದ್ದನ್ನು ಸದ್ದಿಲ್ಲದೆ ಕೊಡಿ. ಕೊಂಡು ಮಾರುವುದೇ ಕಸುಬಾದರೆ ಅದು ವ್ಯಾಪಾರ. ಅದಕ್ಕೆ ಲೈಸೆನ್ಸ್ ಬೇಕು, ನಿಸಾಬ್ ತಲುಪಿದರೆ ಝಕಾತ್ತೂ ಇದೆ. ವಿವರಗಳನ್ನು ಉಸ್ತಾದರಲ್ಲಿ ಕೇಳಿಕೊಳ್ಳಿ.

ಉಪವಾಸವಿರುವಾಗ ಬಾಗಿಲು ಹಾಕಿದ ಕೋಣೆಯಲ್ಲೂ ನಾವು ಒಂದು ಗುಟುಕು ನೀರು ಕುಡಿಯುವುದಿಲ್ಲ. ಯಾರೂ ನೋಡದ ಕಡೆ ನಮ್ಮನ್ನು ತಡೆಯುವ ಆ ಎಚ್ಚರವನ್ನೇ ಫೋಟೋ ತೆಗೆಯುವಾಗಲೂ ಇಟ್ಟುಕೊಳ್ಳೋಣ. ಅಲ್ಲಾಹನು ನಮ್ಮ ಉಪವಾಸವನ್ನೂ ದುಡಿಮೆಯನ್ನೂ ಸ್ವೀಕರಿಸಲಿ, ನಮ್ಮ ಸಣ್ಣ ಸಂಪಾದನೆಯಲ್ಲಿ ಬರಕತ್ ನೀಡಲಿ. ಆಮೀನ್.