ಜಪ ಅರ್ಧಕ್ಕೆ ನಿಂತರೆ ದೋಷವೇ?

ಪ್ರಶ್ನೆ: ಹಾಸಿಗೆ ಹಿಡಿದ ಅತ್ತೆಯವರನ್ನು ನೋಡಿಕೊಳ್ಳುತ್ತಿದ್ದೇನೆ. ಜಪಕ್ಕೆ ಕೂತರೆ 108 ಮುಗಿಯುವ ಮೊದಲೇ ಕರೆಯುತ್ತಾರೆ. ಬೆಳಿಗ್ಗೆ ತುಳಸಿಗೆ ನೀರು ಹಾಕುವಾಗ ಮಾತ್ರ ಮನಸ್ಸು ತಣ್ಣಗಿರುತ್ತೆ. ನಡುವೆ ಎದ್ದರೆ ದೋಷವೇ?

– ಓದುಗರೊಬ್ಬರು

ಉತ್ತರ: ದೋಷವಿಲ್ಲ ತಾಯಿ. ಜಪ ಮೂರು ಬಗೆ: ಕೇಳುವಂತೆ ಹೇಳುವ ವಾಚಿಕ, ತುಟಿಯಷ್ಟೇ ಅಲುಗುವ ಉಪಾಂಶು, ಮನಸ್ಸಿನಲ್ಲೇ ನಡೆಯುವ ಮಾನಸ. ಮನುಸ್ಮೃತಿ ಮಾನಸವನ್ನೇ ಹೆಚ್ಚಿನದೆನ್ನುತ್ತದೆ. ಅದಕ್ಕೆ ಮಣೆಯೇ ಬೇಕೆಂದಿಲ್ಲ. ತುಳಸಿಕಟ್ಟೆಯ ಮುಂದೆ, ಹಾಕಿದ ನೀರು ಮಣ್ಣಿಗಿಳಿಯೋವರೆಗೆ ಸುಮ್ಮನೆ ನಿಂತು ನಾಮ ನೆನೆಯಿರಿ. ಅತ್ತೆ ಕರೆದರೆ ಜಪಮಾಲೆ ಕಣ್ಣಿಗೊತ್ತಿಕೊಂಡು ಇಟ್ಟು ಹೋಗಿ, ಬಂದು ಮುಂದುವರಿಸಿ. ಏಳುವುದರಿಂದ ಜಪ ಕೆಡುವುದಿಲ್ಲ, ಸಿಡುಕಿಕೊಂಡು ಎದ್ದರೆ ಕೆಡುತ್ತೆ. ತುಳಸಿಯ ಮುಂದೆ ಸಿಕ್ಕ ಶಾಂತಿ ಅವರ ಕೋಣೆಗೂ ಬಂದರೆ ಅದೇ ಜಪದ ಫಲ. ಸಿಡುಕಿದ ದಿನ ನೊಂದುಕೊಳ್ಳಬೇಡಿ. ಮರುದಿನ ಬೆಳಿಗ್ಗೆ ತುಳಸಿ ಅಲ್ಲೇ ಇರುತ್ತೆ.